ಎತ್ತದೆ ಎಳೆದ ಗೆರೆ

ಜನವರಿ 6, ಸೋಮವಾರ

ನಮ್ಮ ಸರ್ವೇ ಕಚೇರಿಯಲ್ಲಿ ಬಳಕೆಯಾಗದೆ ಉಳಿದಿದ್ದ, ಅಳತೆ ಬರೆದಿಡುವ ಒಂದು ಫೀಲ್ಡ್ ಬುಕ್ಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಮಾತು ಕೊಂಕಣಿ. ಆದರೆ ಶಾಲೆ ನನಗೆ ಬರೆಯಲು ಕಲಿಸಿದ್ದು ಕನ್ನಡವನ್ನು. ಆದ್ದರಿಂದ ಮನೆಯವರ ಮಾತನ್ನು ಕನ್ನಡಕ್ಕೆ ಇಳಿಸಿಕೊಳ್ಳುತ್ತೇನೆ. ಮಗಳು ನನಗೆ ‘ತುಂ’ ಎನ್ನುತ್ತಾಳೆ. ಅದನ್ನು ‘ನೀನು’ ಎಂದೇ ಇಡುತ್ತೇನೆ.

ಮೊದಲು ವಸ್ತುಸ್ಥಿತಿ. ನವೆಂಬರ್ 26ರ ಬೆಳಿಗ್ಗೆ 8.20ಕ್ಕೆ, ಕುದ್ರೋಳಿಯ ಒಂದು ಒಳರಸ್ತೆಯಲ್ಲಿ, ಕಂದು ಬಣ್ಣದ ನಾಯಿಯೊಂದು ಎಡದಿಂದ ಬಲಕ್ಕೆ ಅಡ್ಡ ಬಂದುದರಿಂದ ನನ್ನ ಸ್ಕೂಟರ್ ಕಾಂಕ್ರೀಟ್ ರಸ್ತೆಯ ಅಂಚಿನಿಂದ ಕೆಳಕ್ಕೆ ಜಾರಿ ಉರುಳಿತು. ಹಿಂದೆ ಕುಳಿತಿದ್ದ ಮಗಳು ಶರೊನ್‌ಳ ಬಲಗಾಲು, ಮೊಣಕಾಲಿನ ಕೆಳಗೆ, ಎರಡು ಕಡೆ ಮುರಿಯಿತು. ಮೂಳೆಯೊಳಗೆ ಸರಳು ಹಾಕಿದ್ದಾರೆ. ನನ್ನ ಅಂಗೈ ತರಚಿತ್ತು. ಐದು ದಿನಗಳಲ್ಲಿ ವಾಸಿಯಾಯಿತು.

ಇಂದಿಗೆ ಆರು ವಾರ. ಗೋಡೆ ಹಿಡಿದು ನಿಲ್ಲುವ ಅಭ್ಯಾಸ ಮಾಡದಿದ್ದರೆ ಕಾಲು ಸೊರಗುತ್ತದೆಂದು ಡಾಕ್ಟರು ಎಚ್ಚರಿಸಿದ್ದಾರೆ. ಅವಳು ನಿಲ್ಲುತ್ತಿಲ್ಲ. ತಾಯಿಯೊಡನೆ ಮಾತನಾಡುತ್ತಾಳೆ, ನನ್ನೊಡನೆ ಇಲ್ಲ. ನನ್ನ ಹೆಂಡತಿ ಒಲಿಂಡಾ ನರ್ಸ್ ಆಗಿ ಇಪ್ಪತ್ತೈದು ವರ್ಷ ಕಳೆದವಳು. ‘ನೋವಿಗೆ ಹಾಗಾಗ್ತದೆ ಮ್ಯಾಕ್ಸಿ, ಸ್ವಲ್ಪ ದಿನ ಬಿಡು’ ಎನ್ನುತ್ತಾಳೆ. ನಾನು ಬಿಡಲಾರೆ. ಶರೊನ್ ನಿಲ್ಲಬೇಕು, ನನ್ನೊಡನೆ ಮಾತನಾಡಬೇಕು. ಬೇರೇನೂ ಬೇಕಾಗಿಲ್ಲ.

ಶರೊನ್ ಸದಸ್ಯಳಾಗಿರುವ ಓಟಗಾರರ ಬಳಗದಲ್ಲಿ ಪ್ರತಿ ವರ್ಷ ಒಂದು ಪ್ರದರ್ಶನವಿರುತ್ತದೆ. ಕೈಗಡಿಯಾರ ಉಪಗ್ರಹಗಳಿಂದ ಸ್ಥಾನವನ್ನು ಪಡೆದು ಹೆಜ್ಜೆಹೆಜ್ಜೆಯನ್ನೂ ನಕ್ಷೆಯ ಮೇಲೆ ಗೆರೆಯಾಗಿ ಉಳಿಸುತ್ತದೆ. ಆ ಗೆರೆಯಿಂದ ನಗರದ ರಸ್ತೆಗಳ ಮೇಲೆ ಒಂದು ಚಿತ್ರ ಮೂಡಿಸಬೇಕು. ನಿಯಮ ಒಂದೇ: ಆರಂಭದಿಂದ ಕೊನೆಯವರೆಗೆ, ನಡುವೆ ಗಡಿಯಾರ ನಿಲ್ಲಿಸಿ, ಗೆರೆ ಎತ್ತಬಾರದು. ಈ ಸಲದ ಕೊನೆಯ ದಿನ ಫೆಬ್ರವರಿ 23.

ಇಂದು ಸಂಜೆ ಅವಳ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ: ‘ನಿನ್ನ ಬದಲು ನಾನು ನಡೆಯುತ್ತೇನೆ.’

‘ನೀನಾ? ಹಾಲು ತರ್ಲಿಕ್ಕೆ ಸಹ ಸ್ಕೂಟರ್ ತೆಗೀತಿದ್ದವ ನೀನು.’

ಆರು ವಾರಗಳಲ್ಲಿ ನನಗೆ ಹೇಳಿದ ಮೊದಲ ವಾಕ್ಯ. ಸ್ವಲ್ಪ ಹೊತ್ತಿನ ನಂತರ ತನ್ನ ಕೈಗಡಿಯಾರವನ್ನು ಬಿಚ್ಚಿ ಮಂಚದ ಅಂಚಿಗೆ ಇಟ್ಟಳು. ಷರತ್ತು ಹಾಕಿದಳು: ಮೊದಲು ಅಭ್ಯಾಸಕ್ಕಾಗಿ ತಿರುವುಗಳ ಪಟ್ಟಿಯನ್ನು ದಿನಕ್ಕೊಂದು ತುಂಡಿನಂತೆ ಕೊಡುತ್ತಾಳೆ, ಚಿತ್ರ ಯಾವುದೆಂದು ಕೇಳಬಾರದು. ಗೆರೆ ಅವಳ ಮೊಬೈಲಿನಲ್ಲಿ ಮಾತ್ರ ಕಾಣುತ್ತದೆ. ನನ್ನದೂ ಒಂದು ಷರತ್ತು: ನಾನು ನಡೆದ ಪ್ರತಿ ಕಿಲೋಮೀಟರಿಗೆ ಅವಳು ಗೋಡೆ ಹಿಡಿದು ಒಂದು ನಿಮಿಷ ನಿಲ್ಲಬೇಕು.

‘ಆಯ್ತು’ ಎಂದಳು, ಗೋಡೆಯ ಕಡೆ ನೋಡುತ್ತ.

ಜನವರಿ 9, ಗುರುವಾರ

ಬೆಳಿಗ್ಗೆ 5.40ಕ್ಕೆ ಕಂಕನಾಡಿಯಿಂದ ಆರಂಭ. ದೂರ 3.1 ಕಿ.ಮೀ. ಮಾರುಕಟ್ಟೆಯ ಬಳಿ ಒಂದೇ ರಸ್ತೆಯಲ್ಲಿ ಹೋಗಿ, ಹಿಂದಿರುಗಿ, ಮತ್ತೆ ಹೋಗಬೇಕಿತ್ತು. ರಿಕ್ಷಾ ಸ್ಟ್ಯಾಂಡಿನ ಹಿರಿಯ ಚಾಲಕ ಬೂಬಣ್ಣ ಮೂರನೆಯ ಸಲ ತಡೆಯಲಾರದೆ ಕೇಳಿದರು.

‘ಎಲ್ಲಿಗೆ ಸಾರ್?’

‘ಎಲ್ಲಿಗೂ ಇಲ್ಲ.’

‘ಅಲ್ಲಿಗೆ ಇಷ್ಟು ಅವಸರದಲ್ಲಿ ಹೋಗ್ತಿದ್ದೀರಲ್ಲ ಮಾರಾಯ್ರೆ!’

ಸ್ಟ್ಯಾಂಡಿನವರೆಲ್ಲ ನಕ್ಕರು.

ಮನೆಗೆ ಬಂದಾಗ ಶರೊನ್ ಮೊಬೈಲ್ ನೋಡಿ, ‘ಸೊಟ್ಟ ಉಂಟು’ ಎಂದಳು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ತಾಗಿ ಬರುವುದರಿಂದ ಐದರಿಂದ ಎಂಟು ಮೀಟರ್ ದೋಷ ಸಹಜವೆಂದು ವಿವರಿಸಿದೆ. ‘ವಿವರ ಬೇಡ. ರಸ್ತೆಯ ಮಧ್ಯಕ್ಕೆ ನಡಿ.’ ಅನಂತರ ಮೂರು ನಿಮಿಷ ನಿಂತಳು. ಉಳಿದ 0.1 ಕಿ.ಮೀ.ಗೆ ಆರು ಸೆಕೆಂಡನ್ನೂ ನಿಂತಳು. ಲೆಕ್ಕದಲ್ಲಿ ನನ್ನ ಮಗಳು.

ಜನವರಿ 13, ಸೋಮವಾರ

ನಾಳೆಯ ಪಟ್ಟಿ ಬರೆಯುತ್ತಿದ್ದವಳು ಪೆನ್ಸಿಲ್ ನಿಲ್ಲಿಸಿ ಕೇಳಿದಳು.

‘ಪಪ್ಪಾ, ಆ ನಾಯಿಯ ಬಾಲ ಹೇಗಿತ್ತು?’

‘ಯಾವ ನಾಯಿ?’

‘ನಮ್ಮ ಕಥೆಯಲ್ಲಿ ಎಷ್ಟು ನಾಯಿ ಉಂಟು? ಅಡ್ಡ ಬಂದದ್ದು. ಬಾಲ ನೇರವಾ, ಸುರುಳಿಯಾ?’

‘ಗಮನಿಸಲಿಲ್ಲ.’

‘ಬಣ್ಣ ಗಮನಿಸಿದ್ದಿ. ಎಡದಿಂದ ಬಲಕ್ಕೆ ಅಂತ ಮನೆಗೆ ಬಂದವರಿಗೆಲ್ಲ ಹೇಳಿದ್ದಿ. ಆಸ್ಪತ್ರೆಯಲ್ಲಿ ಬಲದಿಂದ ಎಡಕ್ಕೆ ಅಂದದ್ದು, ಅದು ಬೇರೆ.’

ಆ ಹೊತ್ತಿನಲ್ಲಿ ಯಾರಿಗೂ ಎಡಬಲದ ಎಚ್ಚರ ಇರುವುದಿಲ್ಲವೆಂದೆ.

‘ಆಯ್ತು. ಸುರುಳಿ ಇರ್ಲಿ’ ಎಂದು ಪಟ್ಟಿಗೆ ಏನನ್ನೋ ಸೇರಿಸಿದಳು.

ಜನವರಿ 14, ಮಂಗಳವಾರ

ಬೆಂದೂರಿನ ಒಳರಸ್ತೆಗಳಲ್ಲಿ ಮುಕ್ಕಾಲು ಸುತ್ತು. 1.4 ಕಿ.ಮೀ. ದೋಷ ಕಡಿಮೆ.

ಜನವರಿ 21, ಮಂಗಳವಾರ

ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ಮೊನ್ನೆ ಒಲಿಂಡಾ ಔಷಧ ಹಚ್ಚಿ, ‘ಐವತ್ತೆರಡು ವರ್ಷಕ್ಕೆ ಇದೆಲ್ಲ ಬೇಕಿತ್ತಾ?’ ಎಂದಳು. ಆದರೆ ಮರುದಿನ ಕೆಲಸದಿಂದ ಬರುವಾಗ ದಪ್ಪ ಕಾಲುಚೀಲಗಳನ್ನು ತಂದಳು.

ಚಿತ್ರ ಯಾವುದೆಂದು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಆದರೆ ಇಪ್ಪತ್ತೆಂಟು ವರ್ಷ ಸರ್ವೇ ಮಾಡಿದವನ ತಲೆ ತಾನಾಗಿಯೇ ನಕ್ಷೆ ಬಿಡಿಸುತ್ತದೆ. ಕಂಕನಾಡಿಯಿಂದ ವೆಲೆನ್ಸಿಯಾ, ಜೆಪ್ಪುವಿನ ಕಡೆ ಎರಡು ಗೆರೆ ಇಳಿದು ಬಂದಿವೆ. ಪಾಂಡೇಶ್ವರದ ಕಡೆ ಇನ್ನೆರಡು. ಬಲ್ಮಠದಿಂದ ಲಾಲ್‌ಬಾಗಿಗೆ ಉದ್ದವಾದ ಬೆನ್ನು. ನಾಲ್ಕು ಕಾಲಿನ ಪ್ರಾಣಿ ಎಂಬುದು ನಿಶ್ಚಿತ. ಮುಖ ಪಶ್ಚಿಮಕ್ಕೆ, ಸಮುದ್ರದ ಕಡೆಗೆ.

ಹುಲಿ ಇರಬೇಕು. ಹುಲಿವೇಷದ ಊರಿಗೆ ಅದು ಒಪ್ಪುತ್ತದೆ.

ಅವಳು ಇಂದು ಗೋಡೆ ಬಿಟ್ಟು ನಾಲ್ಕು ಸೆಕೆಂಡು ನಿಂತಳಂತೆ. ನಾನು ನೋಡಲಿಲ್ಲ, ಒಲಿಂಡಾ ಹೇಳಿದಳು.

ಫೆಬ್ರವರಿ 1, ಶನಿವಾರ

ತಲೆಯ ಭಾಗ. ಮಣ್ಣಗುಡ್ಡದಲ್ಲಿ ಕಿವಿಗಳನ್ನು ಮುಗಿಸಿ ಕುದ್ರೋಳಿಗೆ ಇಳಿದೆ. ಪಟ್ಟಿಯ ಹದಿನಾಲ್ಕನೆಯ ತಿರುವು: ‘ಎಡಕ್ಕೆ, 210 ಮೀಟರ್, ಮತ್ತೆ ಎಡಕ್ಕೆ.’ ಆ 210 ಮೀಟರ್ ರಸ್ತೆ ನಾವು ಬಿದ್ದ ರಸ್ತೆ. ಅಲ್ಲಿ ಕೆಲಸ ನಡೆಯುತ್ತಿದ್ದುದರಿಂದ ಮುಂದಿನ ರಸ್ತೆಯಲ್ಲಿ ಸುತ್ತಿ ಬಂದೆ.

ಶರೊನ್ ಮೊಬೈಲನ್ನು ಬಹಳ ಹೊತ್ತು ನೋಡಿದಳು.

‘ಬಾಯಿಯೇ ಇಲ್ಲ ಇದಕ್ಕೆ.’

‘ರಸ್ತೆ ಅಗೆದಿದ್ದಾರೆ.’

‘ಓ. ರಸ್ತೆ ಅಗೆದಿದ್ದಾರೆ.’

ಫೆಬ್ರವರಿ 3, ಸೋಮವಾರ

ಪುನಃ ಅದೇ ತುಂಡು. ಪುನಃ ಸುತ್ತು ದಾರಿ.

‘ಇನ್ನೂ ಅಗೀತಾ ಇದ್ದಾರಾ?’ ಎಂದು ಶರೊನ್ ಕೇಳಿದಳು. ನಾನು ಹೌದೆಂದೆ. ‘ಅಲ್ಲ, ಅಲ್ಲಿಯೂ ನಾಯಿ ಉಂಟಾ?’

ನಾನು 4.2 ಕಿ.ಮೀ. ನಡೆದಿದ್ದೆ. ಅವಳು ಒಂದು ನಿಮಿಷವೂ ನಿಲ್ಲಲಿಲ್ಲ. ‘ನೀನು ನಡೆದದ್ದು ನನ್ನ ಪಟ್ಟಿಯಲ್ಲಿ ಇಲ್ಲ’ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಫೆಬ್ರವರಿ 4, ಮಂಗಳವಾರ

ನಡೆಯಲಿಲ್ಲ.

ಫೆಬ್ರವರಿ 8, ಶನಿವಾರ

ಹದಿನಾಲ್ಕನೆಯ ತಿರುವಿನಲ್ಲಿ ಎಡಕ್ಕೆ ತಿರುಗಿದೆ. ಸಮಯ 7.05.

ರಸ್ತೆಯನ್ನು ಯಾರೂ ಅಗೆದಿರಲಿಲ್ಲ. ಅಂಚಿನ ಇಳಿತ ಹಾಗೆಯೇ ಇದೆ. ಸುಮಾರು ಹದಿನೆಂಟು ಸೆಂಟಿಮೀಟರ್. ಮೂಲೆಯಲ್ಲಿ ಒಂದು ಗೂಡಂಗಡಿ. ಅದನ್ನು ನಡೆಸುವ ವಾರಿಜಾಕ್ಷಿ ಎಂಬ ಮಹಿಳೆಯೇ ಅಂದು ಮೊದಲು ಓಡಿ ಬಂದು ಶರೊನ್‌ಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡವರು. ತಲೆ ತಗ್ಗಿಸಿ ದಾಟಿಹೋಗಬೇಕೆಂದಿದ್ದೆ.

‘ಅಂತೂ ಬಂದ್ರಲ್ಲ! ಎರಡು ಸಲ ಆ ಮೂಲೆಯಿಂದಲೇ ತಿರುಗಿ ಹೋದದ್ದು ನೋಡಿದ್ದೇನೆ. ನಾವೆಂತ ಕಚ್ತೇವಾ?’

ಸಮಯವಿಲ್ಲವೆಂದು ಕೈಗಡಿಯಾರ ತೋರಿಸಿದೆ.

‘ಇರ್ಲಿ ಮಾರಾಯ್ರೆ, ಕೂತ್ಕೊಳ್ಳಿ. ಬೆವರು ನೋಡಿ. ಮಗಳು ಹೇಗಿದ್ದಾಳೆ?’

‘ನಿಲ್ಲುತ್ತಾಳೆ.’

‘ಅಷ್ಟಾದ್ರೂ ಆಯ್ತಲ್ಲ’ ಎಂದು ಚಹಾ ಸೋಸಿದರು. ಬೆಂಚಿನ ಅಡಿಯಲ್ಲಿ ಒಂದು ಅಲ್ಯುಮಿನಿಯಂ ತಟ್ಟೆ ಬೋರಲು ಬಿದ್ದಿತ್ತು. ನನ್ನ ಕಾಲು ತಾಗಿ ಸದ್ದಾಯಿತು. ಅವರು ಬಗ್ಗಿ ಅದನ್ನು ಸರಿಯಾಗಿ ಇಟ್ಟರು.

‘ಕೆಂಚನದ್ದು. ನಮ್ಮ ನಾಯಿ. ನಮ್ಮದು ಅಂದ್ರೆ, ಬೀದಿಯದ್ದು. ಅನ್ನ ಹಾಕ್ತಿದ್ದದ್ದು ನಾನು.’

‘ಈಗ ಎಲ್ಲಿದೆ?’

ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

‘ಗೊತ್ತಿಲ್ವಾ ನಿಮಗೆ? ನಿಮ್ಮ ಹೆಂಡತಿ, ಬಾಯಮ್ಮ, ಆಸ್ಪತ್ರೆಯಿಂದ ಸೀದಾ ಇಲ್ಲಿಗೆ ಬಂದಿದ್ರು. ಇದೇ ಜಾಗದಲ್ಲಿ ನಿಂತು, ನನ್ನ ಮಗಳ ಕಾಲು ಮುರಿದ ನಾಯಿ ಯಾವುದು ಅಂತ ಅತ್ತರು. ಕಂದು ನಾಯಿ ಅಂದ್ರು. ಕಂದು ನಾಯಿ ಇಲ್ಲಿ ಇದ್ದದ್ದು ಒಂದೇ. ಮಾರನೇ ದಿನ ನಮ್ಮ ರಸ್ತೆಯ ಗಂಡಸರು ಗೋಣಿಯಲ್ಲಿ ಹಾಕಿ, ಟೆಂಪೋದಲ್ಲಿ ನೇತ್ರಾವತಿ ಸೇತುವೆಯ ಆಚೆ ಬಿಟ್ಟು ಬಂದ್ರು. ಹೊಳೆ ದಾಟಿಸಿದ್ರೆ ವಾಸನೆ ಕಟ್ಟಾಗ್ತದಂತೆ, ನಾಯಿ ವಾಪಸ್ ಬರುದಿಲ್ಲ ಅಂತೆ.’

‘ನೀವು ಏನೂ ಹೇಳಲಿಲ್ಲವೇ?’

‘ಹೇಳಿದೆ. ಕೆಂಚ ಆ ಹೊತ್ತಿಗೆ ನನ್ನ ಬೆಂಚಿನ ಅಡಿ ಮಲಗಿತ್ತು ಅಂತ ಹೇಳಿದೆ. ಬೀದಿನಾಯಿಗೆ ಅನ್ನ ಹಾಕುವವಳ ಮಾತು ಯಾರು ಕೇಳ್ತಾರೆ?’ ಲೋಟವನ್ನು ನನ್ನ ಮುಂದಿಟ್ಟರು. ‘ನಿಮ್ಮ ಫೋನು ಹೆಕ್ಕಿ ಕೊಟ್ಟದ್ದು ನಾನೇ ಅಲ್ವಾ. ಅದರೊಳಗೆ ಯಾರೋ ಪಾಪ, ಹಲೋ ಸಾರ್, ಹಲೋ ಸಾರ್ ಅಂತ ಹೇಳ್ತಾನೇ ಇದ್ರು.’

ಚಹಾ ಕುಡಿದೆ. ಎದ್ದು 210 ಮೀಟರನ್ನು ಪೂರ್ತಿ ನಡೆದು ಎಡಕ್ಕೆ ತಿರುಗಿದೆ.

ಫೆಬ್ರವರಿ 9, ಭಾನುವಾರ

ಫೀಲ್ಡ್ ಬುಕ್ಕಿನಲ್ಲಿ ತಪ್ಪು ಅಂಕಿಯನ್ನು ಅಳಿಸುವ ಪದ್ಧತಿಯಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಯಬೇಕು. ತಪ್ಪು ಓದಲು ಸಿಗುವಂತೆ ಉಳಿಯಬೇಕು. ಮೇಲೆ ಸರಿಯಾದುದನ್ನು ಬರೆದು ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನಾನು ಕಲಿಸುವ ಮೊದಲ ಪಾಠ ಇದು.

ಜನವರಿ 6ರ ಪುಟಕ್ಕೆ ಹೋಗಿ ‘ಕಂದು ಬಣ್ಣದ ನಾಯಿಯೊಂದು ಎಡದಿಂದ ಬಲಕ್ಕೆ ಅಡ್ಡ ಬಂದುದರಿಂದ’ ಎಂಬುದರ ಮೇಲೆ ಗೆರೆ ಎಳೆದೆ. ಮೇಲೆ ಬರೆದೆ: ‘ನಾಯಿ ಇರಲಿಲ್ಲ. ಕಚೇರಿಯಿಂದ ಡೆರಿಲ್ ನೆಲದ ಮಟ್ಟದ ಒಂದು ಅಂಕಿ ಕೇಳಲು ಕರೆ ಮಾಡಿದ್ದ. ಫೋನನ್ನು ಎಡಗೈಯಲ್ಲಿ ಕಿವಿಗೆ ಹಿಡಿದಿದ್ದೆ. ಇಡು ಅದನ್ನು ಎಂದು ಶರೊನ್ ಎರಡು ಸಲ ಹೇಳಿದಳು. ಅಂಕಿಯನ್ನು ಹೇಳಿ ಮುಗಿಸುವಷ್ಟರಲ್ಲಿ ಚಕ್ರ ಅಂಚಿನಿಂದ ಇಳಿಯಿತು.’ ಸಹಿ ಹಾಕಿದೆ. ಹೊಸದಾಗಿ ಬರೆದುದು ಮೂಲಕ್ಕಿಂತ ಉದ್ದವಾಗಿ ಅಂಚಿನವರೆಗೂ ಹೋಯಿತು.

ಆಮೇಲೆ ಶರೊನ್‌ಳ ಕೋಣೆಗೆ ಹೋಗಿ ಅದನ್ನೇ ಬಾಯಲ್ಲಿ ಹೇಳಿದೆ. ಪುಸ್ತಕವನ್ನು ನೋಡಿಕೊಂಡೇ ಹೇಳಿದೆ; ಇಲ್ಲದಿದ್ದರೆ ಪೂರ್ತಿ ಹೇಳುತ್ತಿರಲಿಲ್ಲ.

‘ಗೊತ್ತುಂಟು ಪಪ್ಪಾ. ನಾನು ಹಿಂದೆ ಕೂತಿದ್ದೆ ಅಲ್ವಾ.’

‘ಹಾಗಾದರೆ ಯಾಕೆ ಹೇಳಲಿಲ್ಲ?’

‘ನಾನು ಹೇಳಿದ್ರೆ ಅದು ನಾನು ಹೇಳಿದ್ದು ಆಗ್ತದೆ.’

ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ತುಂಡುಗಳನ್ನೆಲ್ಲ ಜೋಡಿಸಿದ್ದಳು. ಮಣ್ಣಗುಡ್ಡದಲ್ಲಿ ಮಡಿಚಿದ ಕಿವಿ, ಬೆಂದೂರಿನಲ್ಲಿ ಸುರುಳಿ ಬಾಲ, ಕುದ್ರೋಳಿಯಲ್ಲಿ ತೆರೆದ ಬಾಯಿ. ಸಂದೇಹಕ್ಕೆ ಅವಕಾಶವಿರಲಿಲ್ಲ.

‘ಇಲ್ಲದ ನಾಯಿಯನ್ನು ನೀನು ಮಾಡಿದಿ. ಅದನ್ನು ಊರಿನಷ್ಟು ದೊಡ್ಡದು ಮಾಡಿ ನಿನ್ನ ಕೈಯಲ್ಲೇ ಬಿಡಿಸುವ ಅಂತ ಮಾಡಿದೆ.’

‘ಕಾಲಲ್ಲಿ’ ಎಂದು ತಿದ್ದಿದೆ.

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಕ್ಕು ಮುಗಿದ ಮೇಲೆ ಕೆಂಚನ ವಿಷಯ ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಮೊಬೈಲನ್ನು ಬೋರಲು ಇಟ್ಟಳು.

‘ಮಮ್ಮಿಗೆ ಹೇಳ್ಬೇಕು. ನಾನು ಹೇಳುದಿಲ್ಲ.’

ಫೆಬ್ರವರಿ 12, ಬುಧವಾರ

ಒಲಿಂಡಾಳಿಗೆ ಹೇಳಿದೆ. ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ನಾನು ಹೇಳುತ್ತ ಹೋದೆ, ಅವಳು ಅದೇ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆಯುತ್ತ ಹೋದಳು.

‘ಫೋನಲ್ಲಿ ಮಾತಾಡಿ ಬಿದ್ದೆ ಅಂತ ಹೇಳಿದ್ರೆ ನಾನು ಎಂತ ಮಾಡ್ತಿದ್ದೆ ಮ್ಯಾಕ್ಸಿ? ನಾಲ್ಕು ದಿನ ಬೈತಿದ್ದೆ.’

ಹೌದೆಂದೆ.

‘ನಾಲ್ಕು ದಿನದ ಬೈಗಳು ತಪ್ಪಿಸ್ಲಿಕ್ಕೆ ನನ್ನನ್ನು ಆ ರಸ್ತೆಯಲ್ಲಿ ನಿಲ್ಲಿಸಿದಿ. ಆ ಹೆಂಗಸಿನ ಎದುರು. ನನ್ನ ಮಗುವಿನ ತಲೆ ಹಿಡ್ಕೊಂಡಿದ್ದವಳ ಎದುರು, ಅವಳ ನಾಯಿಗೆ.’

ಇಸ್ತ್ರಿಯ ಸ್ವಿಚ್ ಆರಿಸಿ, ಉಳಿದ ಬಟ್ಟೆಗಳನ್ನು ಹಾಗೆಯೇ ಬಿಟ್ಟು ಹೋದಳು.

ಫೆಬ್ರವರಿ 16, ಭಾನುವಾರ

ಒಲಿಂಡಾ ಮಾತನಾಡುತ್ತಿಲ್ಲ. ಇದು ನ್ಯಾಯವಾಗಿದೆ.

ಶರೊನ್ ಊರುಗೋಲಿನಲ್ಲಿ ಹಜಾರದವರೆಗೆ ಬಂದಳು. ಹನ್ನೊಂದು ಹೆಜ್ಜೆ. ಯಾರೂ ಹೇಳಿರಲಿಲ್ಲ, ನಾನೂ ನಡೆದಿರಲಿಲ್ಲ. ಪೂರ್ಣ ಚಿತ್ರವನ್ನು 23ಕ್ಕೆ ಒಂದೇ ನಡಿಗೆಯಲ್ಲಿ ಮುಗಿಸುವುದೆಂದು ತೀರ್ಮಾನಿಸಿದೆವು. 15.6 ಕಿ.ಮೀ. ಬಾಯಿ ಕೊನೆಗೆ ಬರುವಂತೆ ಅವಳು ಪಟ್ಟಿಯನ್ನು ಬದಲಿಸಿದ್ದಾಳೆ.

ಬಳಗಕ್ಕೆ ಚಿತ್ರದ ಹೆಸರು ಕೊಡಬೇಕಂತೆ. ‘ಎಂತ ಬರೀಲಿ?’ ಎಂದಳು. ಕೆಂಚ ಎಂದೆ.

ಫೆಬ್ರವರಿ 23, ಭಾನುವಾರ

ಚರ್ಚಿನ ಭಾನುವಾರದ ಪೂಜೆಗೆ ನಿನ್ನೆ ಸಂಜೆಯೇ ಹೋಗಿ ಬಂದಿದ್ದರಿಂದ ಬೆಳಿಗ್ಗೆ ಬಿಡುವಿತ್ತು. 5.10ಕ್ಕೆ ಬೆಂದೂರಿನಿಂದ ಆರಂಭ. ಬಾಲ, ಹಿಂಗಾಲು, ಹೊಟ್ಟೆ. ಕಂಕನಾಡಿಯಲ್ಲಿ ಬೂಬಣ್ಣ ದೂರದಿಂದಲೇ ‘ಎಲ್ಲಿಗೂ ಇಲ್ಲದವರು ಬಂದ್ರು, ದಾರಿ ಬಿಡಿ!’ ಎಂದು ಕೂಗಿ ಒಂದು ಬಸ್ಸನ್ನು ಕೈ ತೋರಿಸಿ ನಿಲ್ಲಿಸಿದರು. ಹಂಪನಕಟ್ಟೆಯ ಕಟ್ಟಡಗಳ ನಡುವೆ ರಸ್ತೆಯ ಮಧ್ಯದಲ್ಲೇ ನಡೆದೆ. ಆ ಹೊತ್ತಿಗೆ ವಾಹನಗಳು ವಿರಳ. ಪಾಂಡೇಶ್ವರದಲ್ಲಿ ಮುಂಗಾಲು. ಉಗುರಿನ ನೋವು ಹತ್ತನೆಯ ಕಿಲೋಮೀಟರಿನ ನಂತರ ಗೊತ್ತಾಗಲಿಲ್ಲ.

8.30ಕ್ಕೆ ಕುದ್ರೋಳಿಯ ತಿರುವಿಗೆ ಬಂದಾಗ ವಾರಿಜಾಕ್ಷಿಯವರ ಅಂಗಡಿಯ ಮುಂದೆ ಒಂದು ರಿಕ್ಷಾ ನಿಂತಿತ್ತು. ಶರೊನ್ ಬೆಂಚಿನ ಮೇಲೆ, ಊರುಗೋಲು ಪಕ್ಕದಲ್ಲಿ. ಒಲಿಂಡಾ ಬಂದಿದ್ದಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳು ಕುಳಿತಿರಲಿಲ್ಲ, ವಾರಿಜಾಕ್ಷಿಯವರ ಎದುರು ನಿಂತಿದ್ದಳು. ಅವರಿಬ್ಬರು ಏನು ಮಾತನಾಡಿಕೊಂಡರೋ ತಿಳಿಯದು. ನಾನು ಹತ್ತಿರ ಬರುವಾಗ ವಾರಿಜಾಕ್ಷಿ ತಮ್ಮ ಮೊಬೈಲನ್ನು ಅವಳಿಗೆ ತೋರಿಸುತ್ತಿದ್ದರು. ‘ಇದು ಕಳೆದ ಮಳೆಗಾಲದ ಫೋಟೋ. ಬಲ ಕಿವಿ ಸ್ವಲ್ಪ ಹರಿದಿದೆ ನೋಡಿ.’ ಒಲಿಂಡಾ ಅದನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡಳು.

210 ಮೀಟರ್ ಮುಗಿಸಿ, ಸುತ್ತಿ, ಗೆರೆಯನ್ನು ಕೂಡಿಸಿ ಬೆಂಚಿನ ಬಳಿ ನಿಂತೆ.

‘ಒತ್ತು ಪಪ್ಪಾ! ಮುಗೀತು. ಗುಂಡಿ ಒತ್ತು.’

ನಾನು ಒತ್ತಲಿಲ್ಲ.

‘ಸೇತುವೆಯ ಆಚೆ ಹೋಗಿ ಬರುತ್ತೇನೆ.’

‘ಈಗ್ಲಾ? ಮೊದಲು ನಿಲ್ಲಿಸು. ಬಾಯಿಯಿಂದ ಉದ್ದ ಗೆರೆ ಹೊರಟು ಹೋಗ್ತದೆ. ಚಿತ್ರ ಹಾಳು. ಬಳಗದವರು ತೆಗೊಳ್ಳುದಿಲ್ಲ.’

‘ಗೆರೆ ಎತ್ತಬಾರದಲ್ಲವೇ?’

ಒಲಿಂಡಾ ತನ್ನ ಕಾಲಿನ ಕಡೆ ನೋಡಿಕೊಂಡಳು.

‘ನನ್ನ ಚಪ್ಪಲಿ ಸರಿ ಉಂಟು. ನಾನೂ ಬರ್ತೇನೆ.’

ಹನ್ನೊಂದು ದಿನಗಳ ನಂತರದ ಮಾತು. ಶರೊನ್‌ಳನ್ನು ವಾರಿಜಾಕ್ಷಿಯವರ ಬಳಿ ಬಿಟ್ಟು ನಾವಿಬ್ಬರೂ ಬಂದರು ಪ್ರದೇಶ, ಪಾಂಡೇಶ್ವರ, ಮೋರ್ಗನ್ಸ್‌ಗೇಟ್ ದಾಟಿ ನಡೆದೆವು. ಸೇತುವೆಯ ಮೇಲೆ ಗಾಳಿಗೆ ಅವಳ ಕೊಡೆ ಮಗುಚಿತು, ನಾನು ಹಿಡಿದುಕೊಂಡೆ.

ಆಚೆ ದಡದ ತೊಕ್ಕೊಟ್ಟಿನಲ್ಲಿ ಮೀನಿನ ಅಂಗಡಿಗಳ ಹಿಂದೆ, ರೈಲು ಹಳಿಯ ಬದಿಯಲ್ಲಿ, ಖಾಲಿ ಸೈಟುಗಳಲ್ಲಿ ಹುಡುಕಿದೆವು. ಫೋಟೋ ನೋಡಿದವರು ತಲೆಯಲ್ಲಾಡಿಸಿದರು. ಹದಿನೇಳು ನಾಯಿಗಳನ್ನು ನೋಡಿದೆ; ಕಂದು ಬಣ್ಣದವು ಐದು; ಬಲ ಕಿವಿ ಹರಿದದ್ದು ಒಂದೂ ಇಲ್ಲ. ಒಂದು ಓಣಿಯ ಬಾಯಲ್ಲಿ ಒಲಿಂಡಾ ನಿಂತು ಮೆಲ್ಲಗೆ ‘ಕೆಂಚ’ ಎಂದಳು. ಯಾರಾದರೂ ನೋಡುತ್ತಾರೆಯೇ ಎಂದು ಸುತ್ತ ನೋಡಿದಳು. ಆಮೇಲೆ ಜೋರಾಗಿ ಕರೆದಳು. ಮತ್ತೂ ಜೋರಾಗಿ. ಅವಳ ಧ್ವನಿ ಒಡೆಯಿತು.

ಮುಂದಿನ ಓಣಿಯಲ್ಲಿ ನಾನು ಕರೆದೆ. ಅದರ ಮುಂದಿನದರಲ್ಲೂ. ಜನ ಕಿಟಕಿಗಳಿಂದ ನೋಡಿದರು. ಕೈಗಡಿಯಾರದ ಬ್ಯಾಟರಿ 11.50ಕ್ಕೆ ಮುಗಿಯಿತು, ಒಟ್ಟು 25.3 ಕಿ.ಮೀ. ದಾಖಲಾಗಿತ್ತು. ಅದರ ನಂತರ ನಡೆದದ್ದಕ್ಕೆ ಅಳತೆ ಇಲ್ಲ.

ಮೂರು ಗಂಟೆಗೆ ಬಸ್ಸಿನಲ್ಲಿ ಮರಳಿ ಶರೊನ್‌ಳನ್ನು ಕರೆದುಕೊಂಡು ಮನೆಗೆ ಬಂದೆವು. ‘ಸಿಕ್ತಾ?’ ಎಂದು ಕೇಳಿದಾಗ ಉತ್ತರಿಸಲು ಹೋದೆ. ಧ್ವನಿ ಪೂರ್ತಿ ಹೋಗಿತ್ತು. ತಿರುವುಗಳ ಪಟ್ಟಿಯ ಹಿಂಬದಿಯಲ್ಲಿ ಬರೆದು ತೋರಿಸಿದೆ: ‘ಇಲ್ಲ. ನಾಳೆ ರಜೆ ಹಾಕುತ್ತೇನೆ. ತೊಕ್ಕೊಟ್ಟಿನ ಪೂರ್ವದ ರಸ್ತೆಗಳು ಬಾಕಿ.’

ಅವಳು ಓದಿ, ಮೊಬೈಲಿನಲ್ಲಿ ಆಚೆ ದಡದ ನಕ್ಷೆ ತೆರೆದು, ನನ್ನ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡಳು.